ಏಳನೇ ಕ್ಲಾಸಿನ ಮಗನಿಗೆ ಓದು ಹತ್ತುತ್ತಿಲ್ಲ, ಅಸೆಸ್‌ಮೆಂಟ್ ಮಾಡಿಸಿದವರು ದಯವಿಟ್ಟು ಹೇಳಿ

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಓದಿ.

ಮಗನಿಗೆ ಹನ್ನೆರಡು ವರ್ಷ, ಏಳನೇ ಕ್ಲಾಸು. ನಾಲ್ಕರವರೆಗೆ ನಮ್ಮೂರ ಕನ್ನಡ ಶಾಲೆ, ಐದರಿಂದ ಇಂಗ್ಲಿಷ್ ಮೀಡಿಯಂ. ಮೊದಲ ವರ್ಷ ಮಾರ್ಕ್ಸ್ ಕಡಿಮೆ ಬಂದಾಗ ಮೀಡಿಯಂ ಬದಲಾಗಿದ್ದಕ್ಕೆ ಅಂದುಕೊಂಡೆವು. ಎರಡನೇ ವರ್ಷ ಟ್ಯೂಷನ್‌ಗೆ ಹಾಕಿದೆವು. ಈ ಸಲ ಮೊದಲ ಟೆಸ್ಟಿನಲ್ಲಿ ಸಮಾಜಕ್ಕೆ 40ಕ್ಕೆ 6. ಅರ್ಧ ಪೇಪರು ಖಾಲಿ. ಹೋದ ವಾರ ಶಾಲೆಗೆ ಕರೆಸಿ, "ಅಸೆಸ್‌ಮೆಂಟ್ ಮಾಡಿಸಿ ರಿಪೋರ್ಟ್ ತನ್ನಿ" ಅಂದರು. ಎಂಥ ಅಸೆಸ್‌ಮೆಂಟ್, ಯಾರ ಹತ್ತಿರ, ಯಾಕೆ, ಏನೂ ಹೇಳಲಿಲ್ಲ.

ಅವನು ದಡ್ಡ ಅಲ್ಲ. ಹೆತ್ತವಳ ಮಾತು ಅಂತ ತಳ್ಳಿಹಾಕಬೇಡಿ. ನಮ್ಮ ಮಾವನವರದ್ದು ಸಣ್ಣ ದಿನಸಿ ಅಂಗಡಿ ಇದೆ. ಭಾನುವಾರ ಅಲ್ಲಿ ಕೂತರೆ ಕಾಲು ಕೆಜಿ ಬೇಳೆ, ಅರ್ಧ ಲೀಟರ್ ಎಣ್ಣೆ, ಎರಡು ಸೋಪು ಎಲ್ಲವನ್ನೂ ಬಾಯಲ್ಲೇ ಕೂಡಿಸಿ ಐನೂರರ ನೋಟಿಗೆ ಚಿಲ್ಲರೆ ಎಣಿಸಿ ಕೊಡುತ್ತಾನೆ. ಅದೇ ಲೆಕ್ಕ ಪುಸ್ತಕದಲ್ಲಿ ನಾಲ್ಕು ಸಾಲಾಗಿ ಬಂದರೆ ಪೆನ್ನು ಕಚ್ಚುತ್ತಾ ಕೂರುತ್ತಾನೆ.

ಹೋದ ತಿಂಗಳು ಕನ್ನಡ ಪಾಠ ಓದು ಅಂದೆ. ಸರಾಗವಾಗಿ ಓದಿದ. ಖುಷಿಯಾಗಿ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ನೋಡಿದೆ. ತೆರೆದಿದ್ದ ಪುಟವೇ ಬೇರೆ. ಕ್ಲಾಸಿನಲ್ಲಿ ಕೇಳಿದ್ದನ್ನು ಬಾಯಿಪಾಠ ಹೇಳುತ್ತಿದ್ದ, ಬೆರಳು ಮಾತ್ರ ಸಾಲಿನ ಮೇಲೆ ಓಡುತ್ತಿತ್ತು. ಎಷ್ಟು ವರ್ಷದಿಂದ ಹೀಗೆ ನಡೆಸಿಕೊಂಡು ಬಂದಿದ್ದಾನೋ. ಆವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸೋಮವಾರ ಬಂತೆಂದರೆ ಹೊಟ್ಟೆನೋವು. ಅವರಪ್ಪ ಸೋಮಾರಿತನ ಅನ್ನುತ್ತಾರೆ. ಅತ್ತೆ ದೃಷ್ಟಿ ತೆಗೆಯೋಣ ಅನ್ನುತ್ತಾರೆ. ಅಸೆಸ್‌ಮೆಂಟಿನಲ್ಲಿ ಏನು ಮಾಡುತ್ತಾರೆ? ಮಗುವಿಗೆ ಏನೋ ಹೆಸರು ಹಚ್ಚಿ ಕಳಿಸುತ್ತಾರಾ? ಏಳನೇ ಕ್ಲಾಸಿಗೆ ಬಂದಮೇಲೆ ಮಾಡಿಸಿ ಉಪಯೋಗ ಇದೆಯಾ?

ಗಣಿತದ ಮೇಷ್ಟ್ರು, ಶಿರಸಿ

ಅಮ್ಮಾ, ಹೊಟ್ಟೆನೋವು ಸುಳ್ಳಲ್ಲ. ಹೆದರಿದ ಮಗುವಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಮೊದಲು ಬೈಯುವುದು ನಿಲ್ಲಿಸಿ, ಮಿಕ್ಕಿದ್ದು ಆಮೇಲೆ. ಅಸೆಸ್‌ಮೆಂಟ್ ಬಗ್ಗೆ ನನಗಿಂತ ತಿಳಿದವರು ಇಲ್ಲಿದ್ದಾರೆ, ಅವರು ಹೇಳಲಿ.

ಸ್ಪೆಷಲ್ ಎಜುಕೇಟರ್, ಮೈಸೂರು

ಉಪಯೋಗ ಇದೆ. ಆದರೆ ಮುಂದಿನ ವರ್ಷಕ್ಕೆ ತಳ್ಳಬೇಡಿ. ನಮ್ಮಲ್ಲಿ ಕಲಿಕಾ ತೊಂದರೆಗೆ ಹೆಚ್ಚಾಗಿ ಬಳಸುವುದು ನಿಮ್ಹಾನ್ಸ್‌ನವರ ಪರೀಕ್ಷಾ ಸರಣಿ. ಅದರ ಎರಡನೇ ಹಂತ 8ರಿಂದ 12 ವರ್ಷದ ಮಕ್ಕಳಿಗೆ. ನಿಮ್ಮ ಮಗ ಆ ವಯಸ್ಸಿನ ಕೊನೆಯಲ್ಲಿದ್ದಾನೆ.

ಮೊದಲು ಕಣ್ಣು, ಕಿವಿ ತೋರಿಸಿ. ಇದನ್ನು ಹೇಳಿದರೆ ಎಲ್ಲರೂ "ಅಷ್ಟೇನಾ" ಅನ್ನುತ್ತಾರೆ. ಒಂದು ಕಿವಿ ಮಂದವಾಗಿದ್ದ ಹುಡುಗಿಯನ್ನು ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂರಿಸಿ, "ಗಮನ ಇಲ್ಲ" ಅಂತ ಡೈರಿಯಲ್ಲಿ ಬರೆದು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ರಕ್ತಹೀನತೆ, ಥೈರಾಯ್ಡ್, ನಿದ್ದೆ ಇವನ್ನೂ ಮಕ್ಕಳ ಡಾಕ್ಟರ್ ಹತ್ತಿರ ಕೇಳಿ.

ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್. ಬೋರ್ಡಿನಲ್ಲಿ ಕೌನ್ಸೆಲರ್ ಅಂತ ಇದ್ದರೆ ಸಾಲದು. ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಒಂದೇ ಗಂಟೆಯಲ್ಲಿ ಎಲ್ಲ ಮುಗಿಸಿ ರಿಪೋರ್ಟ್ ಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಸರಿಯಾಗಿ ಮಾಡಿದರೆ ಎರಡು ಮೂರು ಸಲ ಹೋಗಬೇಕಾಗುತ್ತದೆ.

ಮೊದಲ ದಿನ ಮಾತು ನಿಮ್ಮ ಜೊತೆ. ಹೆರಿಗೆ ಹೇಗಾಯಿತು, ಮಾತು ಯಾವಾಗ ಬಂತು, ಮನೆತನದಲ್ಲಿ ಓದಲು ಕಷ್ಟಪಟ್ಟವರು ಯಾರಾದರೂ ಇದ್ದಾರಾ, ಇವೆಲ್ಲ ಕೇಳುತ್ತಾರೆ. ಆಮೇಲೆ ಬುದ್ಧಿಮತ್ತೆ ಪರೀಕ್ಷೆ. ಹೆಚ್ಚಿನ ಕಡೆ ಮಾಲಿನ್ ಅವರ ಮಾಪಕ ಇರುತ್ತದೆ, ಅದು ಹದಿನೈದು ವರ್ಷದವರೆಗೆ ನಡೆಯುತ್ತದೆ. ಬಣ್ಣದ ಬ್ಲಾಕುಗಳನ್ನು ಚಿತ್ರದಂತೆ ಜೋಡಿಸುವುದು, ಅಂಕಿಗಳನ್ನು ಕೇಳಿ ಹಾಗೇ ಹೇಳುವುದು, ಆಮೇಲೆ ಹಿಂದಿನಿಂದ ಹೇಳುವುದು, ಎರಡು ವಸ್ತುಗಳಲ್ಲಿ ಏನು ಸಮಾನ ಅಂತ ಹೇಳುವುದು, ಹೀಗೆ. ಮಕ್ಕಳಿಗೆ ಆಟದಂತೆ ಅನಿಸುತ್ತದೆ. ಕೊನೆಗೆ ಓದು, ಉಕ್ತಲೇಖನ, ನೋಡಿ ಬರೆಯುವುದು, ಲೆಕ್ಕ, ಗಮನ, ನೆನಪು.

ಈಗ ನೀವು ಒಂದು ಕೆಲಸ ಮಾಡಿ. ಅವನ ಎರಡನೇ, ಮೂರನೇ ಕ್ಲಾಸಿನ ಕನ್ನಡ ನೋಟ್‌ಬುಕ್ ಇದ್ದರೆ ಹುಡುಕಿ. ಅದರಲ್ಲಿ ಎಂಥ ತಪ್ಪುಗಳಿವೆ ಅಂತ ಇಲ್ಲಿ ಬರೆಯಿರಿ.

ತುಮಕೂರಿನ ಅಮ್ಮ

ಅಟ್ಟದ ಮೇಲೆ ಒಂದು ಮೂಟೆಯಲ್ಲಿ ಸಿಕ್ಕಿತು, ಮೂರನೇ ಕ್ಲಾಸಿನದ್ದು. ಬೋರ್ಡಿನಿಂದ ನೋಡಿ ಬರೆದದ್ದು ಚೆನ್ನಾಗಿದೆ, ಅಕ್ಷರ ದುಂಡಗಿದೆ. ಉಕ್ತಲೇಖನದ ಪುಟಗಳಲ್ಲಿ ಎಲ್ಲ ಕೆಂಪು. ಅಮ್ಮ ಅನ್ನುವುದನ್ನು "ಅಮ" ಅಂತ ಬರೆದಿದ್ದಾನೆ. ಕನ್ನಡ "ಕನಡ" ಆಗಿದೆ. ಹಳ್ಳಿ "ಹಳಿ", ಶಾಲೆ "ಶಲೆ". ಒತ್ತು ಇಲ್ಲ, ದೀರ್ಘ ಇಲ್ಲ. ಈಗಿನ ನೋಟ್ಸಿನಲ್ಲೂ ಅದೇ. ಇಂಗ್ಲಿಷಿನಲ್ಲಂತೂ ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆದಿದ್ದಾನೆ.

ಇನ್ನೊಂದು ವಿಷಯ. ನಮ್ಮ ಮೈದುನ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವರು. ಈಗ ಲಾರಿ ಮೆಕ್ಯಾನಿಕ್, ಇಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಎತ್ತಿದ ಕೈ. ಇವತ್ತಿಗೂ ಬ್ಯಾಂಕಿನ ಫಾರಂ ನಮ್ಮವರ ಹತ್ತಿರ ತುಂಬಿಸುತ್ತಾರೆ. ನೀವು ಮನೆತನ ಅಂದಮೇಲೆ ನೆನಪಾಯಿತು.

ಸ್ಪೆಷಲ್ ಎಜುಕೇಟರ್, ಮೈಸೂರು

ಎರಡೂ ತುಂಬಾ ಮುಖ್ಯವಾದ ಮಾಹಿತಿ. ಸೈಕಾಲಜಿಸ್ಟ್‌ಗೆ ತಪ್ಪದೆ ಹೇಳಿ, ನೋಟ್‌ಬುಕ್ ಜೊತೆಗೇ ಒಯ್ಯಿರಿ.

ಯಾಕೆ ಅಂದರೆ, ಮೀಡಿಯಂ ಬದಲಾದ ಮಗು ಇಂಗ್ಲಿಷಿನಲ್ಲಿ ತಡವರಿಸುವುದು ಸಹಜ. ಆದರೆ ಅದೇ ಮಗು ಕನ್ನಡದಲ್ಲಿ ಚೆನ್ನಾಗಿ ಓದುತ್ತದೆ. ಇಲ್ಲಿ ಐದನೇ ಕ್ಲಾಸಿಗೆ ಮುಂಚೆಯೇ, ಮನೆಮಾತಿನಲ್ಲೇ ತೊಂದರೆ ಇತ್ತು. ಎರಡೂ ಭಾಷೆಯಲ್ಲಿ ಒಂದೇ ಕಡೆ ಎಡವುತ್ತಿದ್ದರೆ ಅದನ್ನು ಮೀಡಿಯಂ ಮೇಲೆ ಹಾಕುವಂತಿಲ್ಲ.

ಮೂರನೇ ಕ್ಲಾಸಿನಲ್ಲೇ ಯಾರೂ ಯಾಕೆ ಹಿಡಿಯಲಿಲ್ಲ ಅಂತ ನಿಮಗೆ ಅನಿಸಬಹುದು. ಮೇಷ್ಟ್ರುಗಳನ್ನು ದೂರಬೇಡಿ. ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪ. ಸೋನಾಲಿ ನಾಗ್ ಅವರು ಕನ್ನಡ ಶಾಲೆಯ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು, ಅಕ್ಷರ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷ ನಡೆಯುತ್ತಲೇ ಇರುತ್ತದೆ. ಮೂರನೇ ಕ್ಲಾಸಿನಲ್ಲಿ ಒತ್ತು ಬಿಡುವ ಮಕ್ಕಳು ಬೇಕಾದಷ್ಟಿರುತ್ತಾರೆ. ಏಳರಲ್ಲೂ ಹಾಗೇ ಇದ್ದರೆ ಆಗ ಅದು ಬೇರೆ ಮಾತು. ಬಾಯಿಪಾಠದಲ್ಲಿ ಚುರುಕಾದ ಮಗುವಂತೂ ಇನ್ನೂ ತಡವಾಗಿ ಸಿಕ್ಕಿಬೀಳುತ್ತದೆ.

ಬೆಂಗಳೂರಿನ ಅಪ್ಪ

ನಾನು ಬೇರೆ ಮಾತು ಹೇಳುತ್ತೇನೆ, ದಯವಿಟ್ಟು ತಪ್ಪು ತಿಳಿಯಬೇಡಿ. ನನ್ನ ಮಗಳಿಗೆ ಆರನೇ ಕ್ಲಾಸಿನಲ್ಲಿ ಮಾಡಿಸಿದೆವು. ಶಾಲೆಯವರೇ ಕೇಳಿದ್ದು. ರಿಪೋರ್ಟ್ ಪೂರ್ತಿ ಕೊಟ್ಟೆವು. ಎರಡು ತಿಂಗಳಲ್ಲಿ "ನಮ್ಮಲ್ಲಿ ಇಂಥ ಮಕ್ಕಳಿಗೆ ಸೌಲಭ್ಯ ಇಲ್ಲ, ಬೇರೆ ಕಡೆ ನೋಡಿ" ಅಂದರು. ರಿಪೋರ್ಟಿನ ಅಂಕೆ ಹೇಗೋ ಸ್ಟಾಫ್ ರೂಮಿನಿಂದ ಹೊರಗೆ ಬಂತು. ಒಬ್ಬ ಹುಡುಗ ಅವಳನ್ನು ಆ ನಂಬರಿನಿಂದಲೇ ಕರೆದ. ಹತ್ತು ವರ್ಷದ... ಅಲ್ಲ, ಹನ್ನೊಂದು. ಹನ್ನೊಂದು ವರ್ಷದ ಮಗು ಅದನ್ನು ಮನೆಗೆ ಬಂದು ಹೇಳಲೂ ಇಲ್ಲ. ಬೇರೆ ಪೋಷಕರಿಂದ ಗೊತ್ತಾಯಿತು.

ಮಾಡಿಸಬೇಡಿ ಅನ್ನುತ್ತಿಲ್ಲ. ಶಾಲೆ ಕೇಳಿತು ಅಂತ ಮಾಡಿಸಬೇಡಿ. ನಿಮಗೆ ಮಗನನ್ನು ಅರ್ಥ ಮಾಡಿಕೊಳ್ಳಬೇಕು ಅನಿಸಿದರೆ ಮಾತ್ರ ಮಾಡಿಸಿ.

ಸ್ಪೆಷಲ್ ಎಜುಕೇಟರ್, ಮೈಸೂರು

ಸರ್, ಓದಿ ಹೊಟ್ಟೆ ಉರಿಯಿತು. ನಿಮ್ಮ ಮಗಳಿಗೆ ಆಗಿದ್ದು ದೊಡ್ಡ ಅನ್ಯಾಯ.

ಬೇರೆಯವರಿಗೂ ಗೊತ್ತಿರಲಿ ಅಂತ ಹೇಳುತ್ತೇನೆ. ಪೂರ್ತಿ ರಿಪೋರ್ಟ್ ಶಾಲೆಗೆ ಕೊಡಲೇಬೇಕು ಅಂತ ಇಲ್ಲ. "ಶಾಲೆಗೆ ಬೇಕಾದಷ್ಟು ಒಂದು ಪುಟ ಬರೆದುಕೊಡಿ" ಅಂತ ಸೈಕಾಲಜಿಸ್ಟ್ ಹತ್ತಿರ ಕೇಳಿ. ಏನು ತೊಂದರೆ, ಕ್ಲಾಸಿನಲ್ಲಿ ಏನು ಬದಲಾವಣೆ ಬೇಕು, ಅಷ್ಟು ಸಾಕು. ಬುದ್ಧಿಮತ್ತೆಯ ಅಂಕೆ ಗಣಿತದ ಮಿಸ್‌ಗೆ ಯಾಕೆ ಬೇಕು? ಮಗುವಿನ ಎದುರೂ ಅದನ್ನು ಹೇಳಬೇಡಿ, ನೆಂಟರ ಎದುರಂತೂ ಬೇಡವೇ ಬೇಡ.

ಮತ್ತೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿದ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ (ಬುದ್ಧಿ ಸರಿಯಿದ್ದರೂ ಓದು, ಬರಹ ಹತ್ತದಿರುವುದು) ಒಂದು. ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಬೇಗ ಗುರುತಿಸಿ ನೆರವು ಕೊಡಬೇಕು ಅಂತ ಅದರಲ್ಲೇ ಇದೆ. "ಬೇರೆ ಕಡೆ ನೋಡಿ" ಅಂತ ಬಾಯಲ್ಲಿ ಹೇಳಿದರೆ "ಅದನ್ನೇ ಬರೆದು ಕೊಡಿ" ಅಂತ ಕೇಳಿ.

ನಿವೃತ್ತ ಶಿಕ್ಷಕಿ, ಧಾರವಾಡ

ಅಸೆಸ್‌ಮೆಂಟ್ ಕನ್ನಡದಲ್ಲೇ ಮಾಡಿಸು ತಂಗಿ. ಇಂಗ್ಲಿಷ್ ಮೀಡಿಯಂ ಅಂತ ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಿದರೆ ಮಗು ಬುದ್ಧಿಯಲ್ಲಿ ಸೋಲುವುದಿಲ್ಲ, ಭಾಷೆಯಲ್ಲಿ ಸೋಲುತ್ತದೆ. ಅಂಕೆ ಸುಮ್ನೆ ಕೆಳಗೆ ಬೀಳುತ್ತದೆ. ಕನ್ನಡಕ್ಕೆ ಇದು ಹೊಸದೇನೂ ಅಲ್ಲ. ಆಗ ಮುಂಬೈ ಕರ್ನಾಟಕ ಅನ್ನುತ್ತಿದ್ದ ನಮ್ಮ ಭಾಗದ ಮಕ್ಕಳಿಗಾಗಿ ವಿ. ವಿ. ಕಾಮತ್ ಅವರು 1930ರ ದಶಕದಲ್ಲೇ ಬಿನೆ ಅವರ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡಕ್ಕೂ ಮರಾಠಿಗೂ ಹೊಂದಿಸಿದ್ದರು. ಬಿನೆ-ಕಾಮತ್ ಅಂತ ಅದರ ಹೆಸರು, ಇವತ್ತಿಗೂ ಬಳಕೆಯಲ್ಲಿದೆ.

ಹಾಸನದ ತಾಯಿ

ಇಲ್ಲಿ ಎಲ್ಲರೂ ಕಲಿಕಾ ನ್ಯೂನತೆ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಮಗಳದ್ದು ಅದೂ ಅಲ್ಲ. ಎಂಟನೇ ಕ್ಲಾಸು. ಎಲ್ಲ ಪರೀಕ್ಷೆ ಮಾಡಿ ಬಾರ್ಡರ್‌ಲೈನ್ ಅಂದರು. ಬುದ್ಧಿಮತ್ತೆಯ ಅಂಕೆ 78 ಬಂತು. 70ಕ್ಕಿಂತ ಕಡಿಮೆ ಇದ್ದಿದ್ದರೆ ಬೌದ್ಧಿಕ ನ್ಯೂನತೆಯ ಸರ್ಟಿಫಿಕೇಟ್ ವಿಚಾರ ನೋಡಬಹುದಿತ್ತಂತೆ. 85ರ ಮೇಲಿದ್ದು ಓದು ಮಾತ್ರ ಹಿಂದಿದ್ದಿದ್ದರೆ ಕಲಿಕಾ ನ್ಯೂನತೆಯದು ಸಿಗುತ್ತಿತ್ತಂತೆ. ಇವಳು ಮಧ್ಯದಲ್ಲಿ. ಯಾವ ಸೌಲಭ್ಯವೂ ಇಲ್ಲ. ಕಷ್ಟ ಮಾತ್ರ ಪೂರ್ತಿ ಇದೆ.

ನಿಧಾನ ಅಷ್ಟೆ ಅವಳು. ಹತ್ತು ಸಲ ಹೇಳಿದರೆ ಕಲಿಯುತ್ತಾಳೆ. ಕ್ಲಾಸಿನಲ್ಲಿ ಹತ್ತು ಸಲ ಹೇಳುವವರು ಯಾರು?

ಗಣಿತದ ಮೇಷ್ಟ್ರು, ಶಿರಸಿ

ಅಮ್ಮಾ, ನನ್ನ ಮೂವತ್ತು ಮಕ್ಕಳ ಕ್ಲಾಸಿನಲ್ಲಿ ನಾಲ್ಕೈದು ಮಕ್ಕಳು ಹೀಗೇ ಇದ್ದಾರೆ. ಗಲಾಟೆ ಮಾಡುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಸರ್ಟಿಫಿಕೇಟ್ ಇದ್ದರೆ ಮಾತ್ರ ನೆರವು ಅನ್ನುವ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ನಾನು ಮಾಡುವುದು ಹೇಳುತ್ತೇನೆ. ನಾಳೆ ಕಲಿಸುವುದನ್ನು ಆ ಮಕ್ಕಳಿಗೆ ಇವತ್ತೇ ಮಧ್ಯಾಹ್ನದ ಊಟ ಆದಮೇಲೆ ಹತ್ತು ನಿಮಿಷ ಹೇಳಿಬಿಡುತ್ತೇನೆ. ನಾಳೆ ಕ್ಲಾಸಿನಲ್ಲಿ ಅವರು ಕೇಳುವುದು ಎರಡನೇ ಸಲ. ಮುಖವೇ ಬೇರೆ ಇರುತ್ತದೆ. ನಿಮ್ಮ ಮಗಳ ಮೇಷ್ಟ್ರನ್ನು ಇದೊಂದು ಕೇಳಿ ನೋಡಿ.

ಸ್ಪೆಷಲ್ ಎಜುಕೇಟರ್, ಮೈಸೂರು

ಮೇಷ್ಟ್ರು ಹೇಳಿದ್ದು ಚಿನ್ನದಂಥ ಮಾತು. ಹಾಸನದ ಅಮ್ಮಾ, ಎನ್‌ಐಒಎಸ್ ಅನ್ನೂ, ಅಂದರೆ ಕೇಂದ್ರದ ಮುಕ್ತ ಶಾಲೆಯನ್ನೂ, ಮನಸ್ಸಿನಲ್ಲಿಡಿ. ಹದಿನಾಲ್ಕು ತುಂಬಿದಮೇಲೆ ಹತ್ತನೇ ತರಗತಿಗೆ ಸೇರಬಹುದು. ವಿಷಯ ಆರಿಸಿಕೊಳ್ಳಬಹುದು, ಎಲ್ಲ ಒಂದೇ ಸಲ ಬರೆಯಬೇಕಾಗಿಲ್ಲ. ನ್ಯೂನತೆಯ ಸರ್ಟಿಫಿಕೇಟ್ ಕೇಳುವುದಿಲ್ಲ. ನಿಧಾನ ಕಲಿಯುವ ಮಕ್ಕಳಿಗೆ ಆ ನಿಧಾನಕ್ಕೆ ಜಾಗ ಇರುವ ದಾರಿ ಅದು. ನಿಮ್ಮ ಮಗಳ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಇದರಲ್ಲಿ ಕಳೆದುಹೋಗುವುದು ಬೇಡ.

ಬಿಐಇಆರ್‌ಟಿ, ಚಿತ್ರದುರ್ಗ ಕಡೆ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಖಾಸಗಿಯಲ್ಲಿ ಸಾವಿರಗಟ್ಟಲೆ ಆಗುತ್ತದೆ, ಎಲ್ಲರಿಗೂ ಆಗುವುದಿಲ್ಲ. ಪ್ರತಿ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ನಮ್ಮಂಥ ವಿಶೇಷ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಇರುತ್ತೇವೆ, ಬಿಇಒ ಆಫೀಸಿನಲ್ಲಿ ಕೇಳಿದರೆ ತೋರಿಸುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರಿ ಶಾಲೆಯ ಮಕ್ಕಳಾದರೆ ಆರ್‌ಬಿಎಸ್‌ಕೆ ಅನ್ನುವ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ ಶಾಲೆಗೇ ಬರುತ್ತದೆ, ಅವರ ಪಟ್ಟಿಯಲ್ಲಿ ಕಲಿಕಾ ತೊಂದರೆಯೂ ಇದೆ. ನೀವಾಗಿ ಹೇಳದಿದ್ದರೆ ಹಲ್ಲು, ಕಣ್ಣು ನೋಡಿ ಹೋಗಿಬಿಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಎರಡಕ್ಕೂ ತುಮಕೂರಿನಿಂದ ಬಂದವರನ್ನು ನೋಡಿದ್ದೇನೆ. ಕಾಯಬೇಕಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ, ಮಗುವಿಗೆ ತಿಂಡಿ ಕಟ್ಟಿಕೊಂಡು ಹೋಗಿ. ಹಸಿದ ಮಗುವಿನ ಪರೀಕ್ಷೆ ಸರಿ ಬರುವುದಿಲ್ಲ.

ತುಮಕೂರಿನ ಅಮ್ಮ (ಐದು ವಾರದ ನಂತರ)

ಎಲ್ಲರಿಗೂ ಮೊದಲು ಕೈ ಮುಗಿಯುತ್ತೇನೆ. ಅಸೆಸ್‌ಮೆಂಟ್ ಆಯಿತು. ಮೂರು ಸಲ ಹೋಗಿ ಬಂದೆವು. ಅವರಪ್ಪನೂ ಬಂದರು, ಮೊದಲ ಸಲ ಒಲ್ಲದ ಮನಸ್ಸಿನಿಂದ.

ಕಣ್ಣಿಗೆ ಸಣ್ಣ ನಂಬರ್ ಬಂತು, ಕನ್ನಡಕ ಕೊಟ್ಟರು. ಕಿವಿ ಸರಿ ಇದೆ. ಪರೀಕ್ಷೆಯ ಅಂಕೆಗಳನ್ನು ಇಲ್ಲಿ ಹಾಕುವುದಿಲ್ಲ. ಮೇಡಂ ನಮ್ಮನ್ನು ಕೂರಿಸಿಕೊಂಡು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಒಟ್ಟು ಅಂಕೆ ನೋಡಿ ಮುಚ್ಚಿಡಬೇಡಿ, ಒಳಗಿನ ಏರಿಳಿತ ನೋಡಿ ಅಂದರು. ಬ್ಲಾಕ್ ಜೋಡಿಸುವುದರಲ್ಲಿ ವಯಸ್ಸಿಗಿಂತ ಮುಂದೆ ಇದ್ದಾನೆ. ಕೇಳಿದ ಅಂಕಿಗಳನ್ನು ಹಿಂದಿನಿಂದ ಹೇಳುವುದರಲ್ಲಿ ತುಂಬಾ ಹಿಂದೆ. ಕಥೆ ಬೇರೆಯವರು ಓದಿ ಹೇಳಿದರೆ ಏಳನೇ ಕ್ಲಾಸಿನ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳುತ್ತಾನೆ. ಅದೇ ಕಥೆ ತಾನೇ ಓದಬೇಕು ಅಂದರೆ ಮೂರನೇ ಕ್ಲಾಸಿನ ಮಟ್ಟ. ಬರವಣಿಗೆ ಇನ್ನೂ ಕೆಳಗೆ. ಬರೀ ಅಂಕಿಯ ಲೆಕ್ಕ ಆರನೇ ಕ್ಲಾಸಿನದ್ದು.

ಓದು ಮತ್ತು ಬರವಣಿಗೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಅಂತ ಬರೆದಿದ್ದಾರೆ. ಜೊತೆಗೆ ಆತಂಕ ಇದೆ, ಅದು ಓದಿನ ತೊಂದರೆಯಿಂದಲೇ ಬೆಳೆದದ್ದು ಅಂತ.

ಒಂದು ಹಾಳೆಯಲ್ಲಿ ಅರ್ಧ ಅರ್ಧ ವಾಕ್ಯಗಳಿದ್ದವು. ಮೇಡಂ ಓದುತ್ತಾರೆ, ಅವನು ಬಾಯಲ್ಲಿ ಪೂರ್ತಿ ಮಾಡಬೇಕು. "ನನಗೆ ತುಂಬಾ ಭಯ ಆಗುವುದು..." ಅನ್ನುವುದಕ್ಕೆ ಅವನು ಹೇಳಿದ್ದು, "ಮಿಸ್ ಓದಿಸುತ್ತಾ ನನ್ನ ಮುಂದಿನ ಬೆಂಚಿಗೆ ಬಂದಾಗ." ಅವರಪ್ಪ ಅದನ್ನು ಎರಡು ಸಲ ಓದಿದರು. ಬಸ್ಸಿನಲ್ಲಿ ಊರು ಬರುವವರೆಗೂ ಮಾತಾಡಲಿಲ್ಲ. ಮನೆಗೆ ಬಂದು ತಮ್ಮನಿಗೆ ಫೋನ್ ಮಾಡಿದರು. ಏನು ಮಾತಾಡಿದರೋ ನಾನು ಕೇಳಲಿಲ್ಲ.

ಸರ್ಟಿಫಿಕೇಟ್ ಈಗಲೇ ಮಾಡಿಸಬೇಕಾ? ಮನೆಯಲ್ಲಿ ನಾನೇನು ಮಾಡಲಿ?

ಸ್ಪೆಷಲ್ ಎಜುಕೇಟರ್, ಮೈಸೂರು

ಮಾಡಿಸಿ. ಖಾಸಗಿ ರಿಪೋರ್ಟ್ ಬೇರೆ, ಸರ್ಕಾರಿ ಸರ್ಟಿಫಿಕೇಟ್ ಬೇರೆ. ಬೋರ್ಡ್ ಪರೀಕ್ಷೆಗೆ ಬೇಕಾಗುವುದು ಎರಡನೆಯದು. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಚೀಟಿಯ ಸರ್ಕಾರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಅವರು ಹೇಳಿದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. 2018ರ ಕೇಂದ್ರದ ಮಾರ್ಗಸೂಚಿಯಲ್ಲಿ ಎಂಟು ವರ್ಷದ ನಂತರ ಕೊಡಬಹುದು, 14ಕ್ಕೆ ಮತ್ತೆ, 18ಕ್ಕೆ ಮತ್ತೆ ನೋಡಬೇಕು ಅಂತ ಇಟ್ಟಿದ್ದರು. ಹೋದಾಗ ಈಗಿನ ನಿಯಮ ಕೇಳಿಕೊಳ್ಳಿ. ಸಿಬಿಎಸ್‌ಇಯಲ್ಲಿ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಜಾಸ್ತಿ ಸಿಗುತ್ತದೆ, ಬರೆದುಕೊಡುವವರನ್ನೂ ಕೇಳಬಹುದು. ರಾಜ್ಯದ ಎಸ್‌ಎಸ್‌ಎಲ್‌ಸಿಯಲ್ಲೂ ಹೆಚ್ಚಿನ ಸಮಯ, ಬರೆದುಕೊಡುವವರ ಸೌಲಭ್ಯ ಇದೆ. ಶಾಲೆಯ ಮೂಲಕ ಮುಂಚಿತವಾಗಿ ಅರ್ಜಿ ಹೋಗಬೇಕು, ಒಂಬತ್ತರಲ್ಲೇ ಕಾಗದ ಸಿದ್ಧ ಇಟ್ಟುಕೊಳ್ಳಿ.

ಶಾಲೆಗೆ ಈಗಲೇ ಕೇಳಬೇಕಾದ್ದು: ಎಲ್ಲರೆದುರು ಗಟ್ಟಿಯಾಗಿ ಓದಿಸಬಾರದು. ಮೊದಲು ಇದೊಂದು. ಆಮೇಲೆ ಪ್ರಶ್ನೆಪತ್ರಿಕೆಯನ್ನು ಓದಿ ಹೇಳಲಿ, ಸಮಾಜ ವಿಜ್ಞಾನದಲ್ಲಿ ಕಾಗುಣಿತದ ತಪ್ಪಿಗೆ ಮಾರ್ಕ್ಸ್ ಕತ್ತರಿಸದಿರಲಿ.

ಮನೆಯಲ್ಲಿ ಪಾಠವನ್ನು ನೀವು ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಡಿ. ಓದು ಬರುವವರೆಗೆ ವಿಷಯ ಕಾಯಬಾರದು. ಓದಿಗೆ ಬೇರೆ ಹೊತ್ತು, ದಿನಾ ಇಪ್ಪತ್ತು ನಿಮಿಷ, ಜಾಸ್ತಿ ಬೇಡ. ಅದಕ್ಕೆ ಏಳನೇ ಕ್ಲಾಸಿನ ಪುಸ್ತಕ ಮುಟ್ಟಬೇಡಿ. ನಿಮ್ಮಲ್ಲಿ ದಿನಸಿ ಅಂಗಡಿ ಇದೆ ಅಲ್ವಾ? ಡಬ್ಬಿಗಳಿಗೆ ಚೀಟಿ ಬರೆಸಿ. ಮೊದಲು ಒತ್ತಿಲ್ಲದ ಪದ: ರಾಗಿ, ಕಡಲೆ, ಮೆಣಸು. ಆಮೇಲೆ ಅದೇ ಅಕ್ಷರದ ಒತ್ತು: ಅಕ್ಕಿ, ಬೆಲ್ಲ, ಎಣ್ಣೆ. ಪದವನ್ನು ಬಾಯಲ್ಲಿ ಬಿಡಿಸಿ ಹೇಳಿ ಚಪ್ಪಾಳೆ ತಟ್ಟಲಿ, ಅಕ್, ಕಿ. ಒತ್ತು ಎಲ್ಲಿ ಕೂರುತ್ತದೆ ಅಂತ ಕಿವಿಗೆ ಗೊತ್ತಾಗಬೇಕು, ಆಮೇಲೆ ಕೈಗೆ. ಬೇರೆ ಅಕ್ಷರದ ಒತ್ತು ಕೊನೆಗೆ.

ಬೆಂಗಳೂರಿನ ಅಪ್ಪ

ಶಾಲೆಗೆ ಕೊಡುವ ಪುಟದಲ್ಲಿ ಅಂಕೆ ಇಲ್ಲ ಅಂತ ಎರಡು ಸಲ ನೋಡಿಕೊಳ್ಳಿ. ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ಹಾಸನದ ತಾಯಿ

ನಮ್ಮ ಮೇಷ್ಟ್ರು ಒಪ್ಪಿದ್ದಾರೆ, ವಾರಕ್ಕೆ ಮೂರು ದಿನ ಮುಂಚಿತವಾಗಿ ಹೇಳಿಕೊಡುತ್ತಾರಂತೆ. ಶಿರಸಿಯ ಮೇಷ್ಟ್ರೇ, ನಿಮಗೆ ಪುಣ್ಯ ಬರಲಿ.

ತುಮಕೂರಿನ ಅಮ್ಮ (ಎರಡು ತಿಂಗಳ ನಂತರ)

ತುಂಬಾ ಜನ ಮೆಸೇಜ್ ಮಾಡಿ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಗಟ್ಟಿಯಾಗಿ ಓದಿಸುವುದು ನಿಂತಿದೆ. ಕ್ಲಾಸ್ ಮಿಸ್ ಒಳ್ಳೆಯವರು, ಹೇಳಿದ ತಕ್ಷಣ ಅರ್ಥ ಮಾಡಿಕೊಂಡರು. ಪ್ರಶ್ನೆ ಓದಿ ಹೇಳುವುದಕ್ಕೆ ಇನ್ನೂ ಜಗ್ಗಾಡುತ್ತಿದ್ದಾರೆ, ಪತ್ರ ಕೊಟ್ಟಿದ್ದೇವೆ. ಸೋಮವಾರದ ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಹೋದ ತಿಂಗಳು ಒಂದೇ ಸಲ ಬಂತು. ಸರ್ಟಿಫಿಕೇಟಿಗೆ ಆಸ್ಪತ್ರೆಯ ತಾರೀಕು ಮುಂದಿನ ತಿಂಗಳು.

ಅಂಗಡಿಯಲ್ಲಿ ಹದಿನೇಳು ಡಬ್ಬಿಗೆ ಚೀಟಿ ಆಗಿದೆ. ಅಕ್ಕಿ, ಸಕ್ಕರೆ, ಏಲಕ್ಕಿ ಎಲ್ಲ ಸರಿ. ಹೋದ ಭಾನುವಾರ ದ್ರಾಕ್ಷಿಯನ್ನು "ದಾಕಿ" ಅಂತ ಬರೆದ. ತಾನೇ ನೋಡಿ, "ತಾತ, ಇದರಲ್ಲಿ ಎರಡು ಒತ್ತು ಬಿಟ್ಟಿದೀನಿ, ಎಲ್ಲಿ ಅಂತ ಗೊತ್ತಾಗ್ತಿಲ್ಲ" ಅಂದನಂತೆ. ಬಿಟ್ಟಿದ್ದು ಅವನಿಗೇ ಗೊತ್ತಾಗಿದ್ದು ಇದೇ ಮೊದಲು. ಮಾವನವರು ಆ ಚೀಟಿಯನ್ನು ಹಾಗೇ ಅಂಟಿಸಿದ್ದಾರೆ. ಮುಂದಿನ ಭಾನುವಾರ ಅದನ್ನು ತೆಗೆದು ಹೊಸದು ಅಂಟಿಸುತ್ತಾರಂತೆ.